ಒಂದು ಯೆಜ್ಡಿ, ಎರಡು ಸೈಲೆನ್ಸರ್

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಯೆಜ್ಡಿ ನಿಲ್ಲಿಸಿ ಐದು ನಿಮಿಷ ಆಗಿರಲಿಲ್ಲ, ಸುತ್ತ ಆರು ಜನ ಸೇರಿದರು. ಒಬ್ಬ ಟ್ಯಾಂಕ್ ಸವರಿದ. ಒಬ್ಬ ಬಗ್ಗಿ ಎಂಜಿನ್ ನಂಬರ್ ಓದಿದ. ಮೂರನೆಯವನು ಗಾಡಿಯ ಹಿಂದೆ ಹೋಗಿ ನಿಂತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಕತ್ತು ವಾಲಿಸಿ ನೋಡಿ, "ಏನ್ ಸಾರ್ ಇದು, ಒಂದ್ ಕಾಲಿಗೆ ಬೂಟು, ಒಂದ್ ಕಾಲಿಗೆ ಹವಾಯಿ ಚಪ್ಪಲಿ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ ಹೇಳಿ?

ವಿಷಯ ಇಷ್ಟೇ. ನಮ್ಮಣ್ಣನ 1984ರ ರೋಡ್‌ಕಿಂಗ್ ಗಾಡಿಗೆ ಎರಡು ಸೈಲೆನ್ಸರ್. ಎಡಗಡೆಯದು ದಪ್ಪ, ಪಳಪಳ ಹೊಳೆಯುತ್ತದೆ, ಬಾಯಿ ತೆರೆದರೆ ಊರೆಲ್ಲಾ ಎದ್ದು ಕೂರಬೇಕು. ಬಲಗಡೆಯದು ಸಣಕಲು, ಕ್ರೋಮ್ ಮಾಸಿ ಬೂದಿ ಬಣ್ಣಕ್ಕೆ ತಿರುಗಿದೆ, ಮೆತ್ತಗೆ ಕೆಮ್ಮುತ್ತದೆ. ಎರಡೂ ಒಂದೇ ತಾಯಿ ಮಕ್ಕಳಲ್ಲ ಅಂತ ಕುರುಡನೂ ಹೇಳಿಬಿಡುತ್ತಾನೆ.

ಇಷ್ಟು ದಿನ ಹೇಗೋ ಓಡುತ್ತಿತ್ತು. ಈಗ ಅದಕ್ಕೊಂದು ಇತ್ಯರ್ಥ ಆಗಲೇಬೇಕಾಗಿ ಬಂತು. ಅಣ್ಣನಿಗೆ 2019ರಲ್ಲಿ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದ ಮೇಲೆ ಗಾಡಿ ನನ್ನ ಹತ್ತಿರ ಬೆಂಗಳೂರಿನಲ್ಲಿದೆ. ಅಣ್ಣನ ಮಗನೂ ನನ್ನ ಮನೆಯಲ್ಲೇ. ಇಪ್ಪತ್ತೆರಡರ ಹುಡುಗ, 'ಕೆಜಿಎಫ್' ಬಂದಾಗಿನಿಂದ ಗಡ್ಡ ತೆಗೆದಿಲ್ಲ. ಅವನು ಒಂದು ರಾತ್ರಿ ಈ ಗಾಡಿಯಲ್ಲಿ ಹೋಗಿ ಸಿಗ್ನಲ್‌ನಲ್ಲಿ ಪೊಲೀಸರ ಕೈಗೆ ಸಿಕ್ಕಿಬಿದ್ದ. ಕರ್ಕಶ ಶಬ್ದ ಅಂತ ದಂಡ! ದಂಡ ಕಟ್ಟಿದ್ದು ಯಾರು ಅಂತ ಬೇರೆ ಹೇಳಬೇಕೆ? ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ಬಿಚ್ಚಿಸಿ, ರಸ್ತೆಯಲ್ಲಿ ಸಾಲಾಗಿ ಮಲಗಿಸಿ, ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ನೋಡಿರುತ್ತೀರಿ. ಅದನ್ನು ನೆನೆದರೇ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಅಣ್ಣನಿಗೆ ಫೋನ್ ಮಾಡಿದೆ. ಅವನು ಹೇಳಿದ್ದು ಒಂದೇ ಮಾತು: "ಗಾಡಿ ಮಗನ ಹೆಸರಿಗೆ ಮಾಡ್ಕೊಡ್ತೀನಿ ಕಣ್ಲಾ. ಮೊದ್ಲು ಆ ಸೈಲೆನ್ಸರ್ ಒಂದ್ ದಾರಿಗ್ ತಾ. ಏನ್ ಮಾಡ್ತೀಯೋ ಮಾಡು, ನಂಗ್ ಹೇಳ್ದೆ ಮಾತ್ರ ಏನೂ ಬಿಸಾಕ್‌ಬ್ಯಾಡ."

ಹುಡುಗನದು ಬೇರೆಯೇ ರಾಗ. "ಚಿಕ್ಕಪ್ಪ, ಎರಡೂ ಕಡೆ ಎಡಗಡೆದ್ರ ಥರಾನೇ ಹಾಕ್ಸಿಬಿಡಿ. ಸೌಂಡ್ ಬರ್ಬೇಕು! ಯೆಜ್ಡಿ ಅಂದ್ರೆ ಸೌಂಡು." ಜೆ.ಸಿ. ರಸ್ತೆಯ ಅಂಗಡಿಯವನದು ಮೂರನೇ ರಾಗ. ಹೊಸದು ಒಂದು ಜೊತೆ, ಏಳು ಸಾವಿರ, ಕನ್ನಡಿಯಂತೆ ಮುಖ ಕಾಣುತ್ತೆ, ಹಳೇ ಎರಡನ್ನೂ ಕೊಟ್ಟರೆ ಐನೂರು ಕಡಿಮೆ!

ಇಲ್ಲಿ ನನ್ನದೊಂದು ಗುಟ್ಟಿದೆ. ಆ ಬಲಗಡೆಯ ಸಣಕಲು ಸೈಲೆನ್ಸರ್ ಇದೆಯಲ್ಲ, ಅದು ನನ್ನ ಪಾಪದ ಫಲ. 1991ರಲ್ಲಿ ನಾನಿನ್ನೂ ಹದಿನೆಂಟರ ಹುಡುಗ. ಮಂಡ್ಯದಲ್ಲಿ ನಮ್ಮ ಮನೆ. ಅಣ್ಣ ಮಧ್ಯಾಹ್ನ ಮಲಗಿದ್ದಾಗ ಕೀ ಎತ್ತಿಕೊಂಡು ಸಿನಿಮಾ ನೋಡಲು ಮೈಸೂರಿಗೆ ಹೊರಟೆ. ಬಾಬುರಾಯನಕೊಪ್ಪಲಿನ ಹತ್ತಿರ ಕಬ್ಬಿನ ಗಾಡಿಯಿಂದ ಬಿದ್ದ ಜಲ್ಲೆಗಳ ಮೇಲೆ ಚಕ್ರ ಹತ್ತಿತು. ಗಾಡಿ ಬಲಕ್ಕೆ ಮಗುಚಿ, ಮೈಲಿಗಲ್ಲಿಗೆ ಬಡಿದು, ಸೈಲೆನ್ಸರ್ ಅಪ್ಪಚ್ಚಿ. ನನಗೆ ಮೊಣಕೈ ತರಚಿತ್ತು, ಅಷ್ಟೇ. ಅಣ್ಣ ಬಯ್ಯಲಿಲ್ಲ. ಬೈದಿದ್ದರೇ ವಾಸಿಯಾಗಿತ್ತು! ಮೂರನೇ ದಿನ ಗೋಣಿಚೀಲದಲ್ಲಿ ಸುತ್ತಿದ ಏನನ್ನೋ ತಂದು ತಾನೇ ಕೂತು ಬಿಗಿದ. ನಾನು ಹಿತ್ತಿಲಿಗೆ ಹೋಗಿ ನಿಂತಿದ್ದೆ. ಗುಜರಿಯಿಂದ ತಂದಿರಬೇಕು, ಕೈಯಲ್ಲಿ ಕಾಸಿಲ್ಲ ಅಂದುಕೊಂಡೆ. ಮೂರು ವರ್ಷಕ್ಕೆ ಕೆಲಸ ಸಿಕ್ಕಿ ಬೆಂಗಳೂರು ಸೇರಿದೆ. ಅಂದಿನಿಂದ ಆ ಬಲಗಡೆ ನೋಡಿದಾಗೆಲ್ಲ ಕಣ್ಣು ಬೇರೆ ಕಡೆ ಹೊರಳಿಸುವುದೇ ಅಭ್ಯಾಸವಾಯಿತು.

ಆದ್ದರಿಂದ ನನ್ನ ಮನಸ್ಸಿನಲ್ಲಿ ತೀರ್ಮಾನ ಆಗಿತ್ತು. ಎಡಗಡೆಯ ಹೊಳೆಯುವ 'ಒರಿಜಿನಲ್' ಉಳಿಸಿಕೊಂಡು, ಬಲಗಡೆಯ ದರಿದ್ರವನ್ನು ಕಿತ್ತೆಸೆದು, ಎಡದ್ದಕ್ಕೆ ಸರಿಜೋಡಿ ಹುಡುಕುವುದು. ಅದಕ್ಕೆ ಮೈಸೂರಿಗಿಂತ ಒಳ್ಳೆ ಊರು ಯಾವುದು? ಈ ಗಾಡಿ ಹುಟ್ಟಿದ್ದೇ ಅಲ್ಲಿ!

ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಚಿಕ್ಕಪ್ಪ–ಮಗ ಇಬ್ಬರೂ ಹೊರಟೆವು. ಟ್ಯಾಂಕಿಗೆ ಪೆಟ್ರೋಲು, ಲೀಟರಿಗೆ ನಲವತ್ತು ಎಂ.ಎಲ್. ಲೆಕ್ಕದಲ್ಲಿ ಆಯಿಲ್ಲು. ಕಿಕ್ ಹೊಡೆದ ಮೇಲೆ ಅದೇ ಕಿಕ್ಕರನ್ನು ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರು. ಈ ವಿದ್ಯೆ ಕಲಿಯಲು ಹುಡುಗನಿಗೆ ಒಂದು ವಾರ ಹಿಡಿದಿತ್ತು! ಹೊಸ ಹತ್ತು ಪಥದ ಹೆದ್ದಾರಿಯ ನಡುವಿನ ದಾರಿಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಅಕ್ಕಪಕ್ಕದ ಸರ್ವಿಸ್ ರಸ್ತೆ, ಊರೊಳಗಿನ ಹಳೇ ರಸ್ತೆಯೇ ಗತಿ. ನನಗೇನೂ ಬೇಜಾರಿಲ್ಲ. ಟೂ ಸ್ಟ್ರೋಕ್ ಗಾಡಿಗೆ ಊರೊಳಗೆ ಹೋಗುವುದೇ ಚೆಂದ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಪಕ್ಕದ ಟೇಬಲ್ಲಿನ ಅಜ್ಜ ಎದ್ದು ಬಂದು ಟ್ಯಾಂಕ್ ಮುಟ್ಟಿ ನಮಸ್ಕಾರ ಮಾಡಿದರು, ದೇವರಾಣೆ!

ರಾಮನಗರ ಬಂತು. ನಮ್ಮಂಥ ಸಿನಿಮಾ ಹುಚ್ಚರು ರಾಮದೇವರ ಬೆಟ್ಟದ ಬಂಡೆ ಕಂಡರೆ ಗಾಡಿ ನಿಧಾನ ಮಾಡದೆ ಹೋಗುವುದುಂಟೆ? 1975ರಲ್ಲಿ ಬಿಡುಗಡೆಯಾದ 'ಶೋಲೆ'ಯ ರಾಮಗಢ ಈ ಬಂಡೆಗಳ ಬುಡದಲ್ಲೇ ಕಟ್ಟಿದ್ದು. ಜೈ, ವೀರು ಸೈಡ್‌ಕಾರ್ ಬೈಕಿನಲ್ಲಿ ಕೂತು ಹಾಡುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹುಡುಗ ಹಿಂದಿನಿಂದ ಕೂಗಿದ: "ಚಿಕ್ಕಪ್ಪ, ಆ ಬೈಕಲ್ಲೂ ಸೈಲೆನ್ಸರ್ ಸರಿ ಇತ್ತಾ?" ನನ್ನ ಬಾಯಿಗೆ ಬಂದ ಉತ್ತರ ಇಲ್ಲಿ ಬರೆಯುವ ಹಾಗಿಲ್ಲ.

ಏರು ಬಂದಲ್ಲೆಲ್ಲ ಗಾಡಿ ಒಂದು ತಮಾಷೆ ಮಾಡುತ್ತಿತ್ತು. ಮೂರನೇ ಗೇರಿನಲ್ಲಿ ವೇಗ ಹಿಡಿಯುವ ಹೊತ್ತಿಗೆ ಒಮ್ಮೆ ಮುಗ್ಗರಿಸಿ, ಉಸಿರು ಕಟ್ಟಿದಂತಾಗಿ, ಆಮೇಲೆ ಹೊರಡುತ್ತಿತ್ತು. ಕಾರ್ಬೊರೇಟರ್ ದೋಷ ಅಂತ ನಾನು ಎರಡು ಸಲ ಜೆಟ್ ಬದಲಾಯಿಸಿದ್ದೆ. ಏನೂ ಪ್ರಯೋಜನ ಆಗಿರಲಿಲ್ಲ.

ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು ಮಂಡ್ಯ ಸೇರಿದಾಗ ಅಣ್ಣ ಜಗಲಿಯಲ್ಲೇ ಕೂತಿದ್ದ. ಗಾಡಿ ಬೀದಿ ಕೊನೆ ತಿರುಗುವಾಗಲೇ ಅವನಿಗೆ ಗೊತ್ತಾಯಿತಂತೆ. ಅತ್ತಿಗೆ ಹೇಳಿದರು: "ಕಾಫಿಗಿಡು, ಬಂದ್ರು ಅಂದ್ರು. ನಂಗೇನೂ ಕೇಳಿಸ್ನೇ ಇಲ್ಲ." ನಾನು ನನ್ನ ತೀರ್ಮಾನ ಹೇಳಿದೆ. ಬಲಗಡೆದು ತೆಗೆದು ಎಡಗಡೆಗೆ ಜೋಡಿ ತರ್ತೀನಿ ಅಂತ. ಅಣ್ಣ ಬಲಗೈಯಲ್ಲಿ ಲೋಟ ಹಿಡಿದು ನನ್ನನ್ನೇ ನೋಡಿದ. "ಮಂಡಿ ಮೊಹಲ್ಲಾದಲ್ಲಿ ಒಬ್ರು ಯಜಮಾನ್ರವ್ರೆ. ಫ್ಯಾಕ್ಟ್ರೀಲಿದ್ದೋರು. ಅವ್ರಿಗ್ ಒಂದ್ಸಲ ತೋರ್ಸು, ಆಮೇಕ್ ತೆಗಿ" ಅಂದ. ಅಷ್ಟೇ. ನಮ್ಮಣ್ಣನಿಗೆ ಮಾತು ಯಾವಾಗಲೂ ಕಮ್ಮಿ. ಅದಕ್ಕೆ ಲಕ್ವ ಕಾರಣವಲ್ಲ.

ಆ ಯಜಮಾನರನ್ನು ಹುಡುಕಲು ಕಷ್ಟವಾಗಲಿಲ್ಲ. ಗಲ್ಲಿಯ ಬಾಯಲ್ಲಿ ಗಾಡಿ ಸದ್ದು ಕೇಳಿ ಅವರೇ ಹೊರಗೆ ಬಂದರು. ಎಪ್ಪತ್ತು ದಾಟಿದೆ, ಕನ್ನಡಕದ ಒಂದು ಕಡ್ಡಿಗೆ ದಾರ. ಫ್ಯಾಕ್ಟರಿಯಲ್ಲಿ ಪ್ಲೇಟಿಂಗ್ ವಿಭಾಗದಲ್ಲಿದ್ದವರು. ಹಲೋ ಇಲ್ಲ, ಕುಶಲ ಇಲ್ಲ. "ಆಫ್ ಮಾಡ್ಬೇಡಿ" ಅಂದವರೇ ಹಿಂದೆ ಕುಕ್ಕರಗಾಲಲ್ಲಿ ಕೂತು, ಎರಡು ಸೈಲೆನ್ಸರ್ ಬಾಲಕ್ಕೂ ಒಂದೊಂದು ಅಂಗೈ ದೂರದಲ್ಲಿ ಹಿಡಿದರು, ಜ್ಯೋತಿಷಿ ಆರತಿ ತಗೊಂಡ ಹಾಗೆ! ಕಣ್ಣು ಮುಚ್ಚಿದರು. ಆಮೇಲೆ, "ಎಡಗಡೆ ಹೊಡೀತಾ ಇದೆ. ಬಲಗಡೆ ಬರೀ ಉಸಿರಾಡ್ತಾ ಇದೆ. ಹೀಗಾದ್ರೆ ಎಂಜಿನ್ ಎಲ್ಲಿ ಎಳೆಯುತ್ತೆ?" ಅಂದರು.

ಅವರು ಬಿಡಿಸಿ ಹೇಳಿದ್ದನ್ನು ನಾನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ, ಕೇಳಿ. ರೋಡ್‌ಕಿಂಗ್‌ಗೆ ಸಿಲಿಂಡರ್ ಒಂದೇ, 250 ಸಿ.ಸಿ. ಆದರೆ ಹೊಗೆ ಹೊರಹೋಗಲು ಬಾಗಿಲು ಎರಡು. ಒಂದು ಟಾಕೀಸು ಅಂದುಕೊಳ್ಳಿ. ಮ್ಯಾಟಿನಿ ಮುಗಿದಿದೆ, ಜನ ಎರಡು ಬಾಗಿಲಿಂದ ಹೊರಗೆ ನುಗ್ಗುತ್ತಿದ್ದಾರೆ. ಟೂ ಸ್ಟ್ರೋಕ್ ಎಂಜಿನ್ನಿಗೆ ತಾಳ್ಮೆ ಇಲ್ಲ. ಹಳಬರು ಪೂರ್ತಿ ಖಾಲಿಯಾಗುವ ಮೊದಲೇ ಫಸ್ಟ್ ಶೋ ಜನರನ್ನು ಒಳಗೆ ಬಿಟ್ಟುಬಿಡುತ್ತದೆ. ಹಳೇ ಹೊಗೆಯ ಜೊತೆಗೆ ಹೊಸ ಪೆಟ್ರೋಲ್ ಗಾಳಿಯೂ ಹೊರಗೆ ಓಡಿಹೋಗಬಾರದಲ್ಲ? ಅದಕ್ಕೆ ಬಾಗಿಲಲ್ಲಿ ಗೇಟ್‌ಕೀಪರ್ ಬೇಕು. ಸೈಲೆನ್ಸರಿನ ಉದ್ದ, ಅದರ ಹೊಟ್ಟೆ, ಒಳಗಿನ ತೂತುತೂತಿನ ಜಾಲಿ, ಇವೇ ಆ ಗೇಟ್‌ಕೀಪರು. ಹೊಗೆಯ ಹೊಡೆತ ತುದಿಗೆ ಹೋಗಿ ಬಡಿದು ವಾಪಸ್ ಬರುತ್ತದೆ. ಸರಿಯಾದ ಹೊತ್ತಿಗೆ ಬಂದರೆ, ತಪ್ಪಿಸಿಕೊಳ್ಳುತ್ತಿದ್ದ ಹೊಸ ಗಾಳಿಯನ್ನು ಕತ್ತು ಹಿಡಿದು ಒಳಗೆ ತಳ್ಳುತ್ತದೆ. ಒಂದು ಬಾಗಿಲಲ್ಲಿ ಗೇಟ್‌ಕೀಪರ್ ಇದ್ದು, ಇನ್ನೊಂದರಲ್ಲಿ ಯಾರೂ ಇಲ್ಲದಿದ್ದರೆ? ಟಿಕೆಟ್ ಕೊಂಡವರೂ ಅಲ್ಲಿಂದಲೇ ಹೊರಗೆ! ಸದ್ದು ಜೋರು, ಪೆಟ್ರೋಲ್ ಖರ್ಚು, ಎಳೆತ ಕಮ್ಮಿ. ನನ್ನ ಮೂರನೇ ಗೇರಿನ ಮುಗ್ಗರಿಕೆಗೆ ಕಾರಣ ಕಾರ್ಬೊರೇಟರ್ ಅಲ್ಲ, ಗೇಟು.

ಹುಡುಗನ ಮುಖ ಸಣ್ಣಗಾಯಿತು. ಎರಡೂ ಕಡೆ ಖಾಲಿ ಡಬ್ಬ ಹಾಕಿಸುವ ಆಸೆ ಅಲ್ಲಿಗೇ ತೆರೆಗೆ ಸರಿಯಿತು.

"ಒಂದನ್ನ ಬಿಸಾಕ್ಬೇಕು ಸಾರ್. ಬಲಗಡೆದು" ಅಂದೆ ನಾನು. ಯಜಮಾನರು ಮಾತಾಡಲಿಲ್ಲ. ಹುಕ್ ಸ್ಪ್ಯಾನರ್ ತಂದು ಸಿಲಿಂಡರಿನ ಹತ್ತಿರದ ರಿಂಗ್ ನಟ್ ಎರಡನ್ನೂ ಸಡಿಲಿಸಿ, ಬೆಂಡ್ ಪೈಪ್ ಸಮೇತ ಇಳಿಸಿ, ಎರಡನ್ನೂ ಪಕ್ಕಪಕ್ಕ ನೆಲದ ಮೇಲೆ ಮಲಗಿಸಿದರು. ಎಡದ್ದನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಹಗುರ. ಬಲದ್ದನ್ನು ಕೊಟ್ಟರು. ಭಾರ! ಎಡದ್ದರ ಹೊಟ್ಟೆಯ ಅಡಿಗೆ ಬೆರಳಿಟ್ಟರು. ತಗಡು ಸುರುಳಿ ಸುತ್ತಿ ವೆಲ್ಡ್ ಮಾಡಿದ ಗಂಟು ಗಂಟು ಗೆರೆ. ಒಳಗೆ ಕಡ್ಡಿ ಹಾಕಿ ಆಡಿಸಿದರು. ಏನೂ ತಗುಲಲಿಲ್ಲ, ಬರೀ ಡಬ್ಬ. ಬಲದ್ದರ ಬಾಲದ ನಟ್ ಬಿಚ್ಚಿ ಎಳೆದರೆ, ಕರಿ ಮಸಿ ಮೆತ್ತಿದ ಜಾಲಿ ಈಚೆಗೆ ಬಂತು. ಅದನ್ನು ಬಟ್ಟೆಯಿಂದ ಒರೆಸಿ, ಮಗು ಎತ್ತಿಕೊಂಡವರ ಹಾಗೆ ತೋಳಿನ ಮೇಲಿಟ್ಟುಕೊಂಡು ಅಂದರು: "ಇದು ನಮ್ದು. ಆ ಹೊಳಿಯೋದು ಯಾವ್ದೋ ಗ್ಯಾರೇಜಿನ ಮಾಲು."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಆಮೇಲೆ ಅತ್ತಿಗೆಗೆ ಫೋನ್ ಮಾಡಿ ಕೇಳಿದಾಗ ಪೂರ್ತಿ ಗೊತ್ತಾಯಿತು. 1991ರಲ್ಲಿ ಅಣ್ಣ ಗುಜರಿಗೆ ಹೋಗಿರಲಿಲ್ಲ. ಬಸ್ಸಿನಲ್ಲಿ ಮೈಸೂರಿಗೆ ಬಂದು, ಆ ತಿಂಗಳ ಸಂಬಳದಲ್ಲಿ ಮುಕ್ಕಾಲು ಪಾಲು ಕೊಟ್ಟು ಕಂಪನಿ ಮಾಲೇ ತಂದಿದ್ದ. ಎಡಗಡೆಯ ಹಳೆಯದು ತುಕ್ಕು ಹಿಡಿದು ತೂತು ಬಿದ್ದದ್ದು ನಾನು ಬೆಂಗಳೂರು ಸೇರಿ ಎಷ್ಟೋ ವರ್ಷದ ಮೇಲೆ. ಅಷ್ಟೊತ್ತಿಗೆ ಫ್ಯಾಕ್ಟರಿಯೇ ಇರಲಿಲ್ಲ. ಸಿಕ್ಕಿದ್ದನ್ನು ಹಾಕಿಸಿದ್ದ. ನಾನು ಮೂವತ್ತು ವರ್ಷ ಯಾವುದನ್ನು ನೋಡಿ ತಲೆ ತಗ್ಗಿಸಿದ್ದೆನೋ ಅದೇ ಅಸಲಿ!

ಯಜಮಾನರು ಆಗ ತೀರ್ಪು ಕೊಟ್ಟರು. ಎಡದ್ದನ್ನೂ ಬಿಸಾಕಬೇಕಿಲ್ಲ. ಅದರ ಹಿಂಬದಿ ಕೊಯ್ದು, ಬಲದ್ದರ ಅಳತೆಯ ಜಾಲಿ ಮಾಡಿ ಕೂರಿಸಿ, ಉದ್ದವನ್ನೂ ಸರಿಸಮ ಮಾಡಿ ಮುಚ್ಚುವುದು. ಒಳಗೆ ಎರಡೂ ಒಂದೇ. ಹೊರಗೆ? "ಹೊರಗೆ ಹೀಗೇ ಇರ್ತದೆ. ಒಂದು ದಪ್ಪ, ಒಂದು ಸಣ್ಣ. ಅದು ನಿಮ್ಗೆ ಬಿಟ್ಟಿದ್ದು. ಅಥವಾ ಎರಡೂ ಹೊಸದು ತಗೊಳ್ಳಿ, ಒಳಗೆ ಜಾಲಿ ಇದ್ಯಾ ನೋಡಿ ತಗೊಳ್ಳಿ. ಒಂದು ಹಳೇದು ಒಂದು ಹೊಸದು ಮಾತ್ರ ಬೇಡ." ಹುಡುಗನ ಕಡೆ ನೋಡಿದೆ. ಅವನು ಬಲಗಡೆಯದನ್ನು ಎತ್ತಿ ಎತ್ತಿ ತೂಕ ನೋಡುತ್ತಿದ್ದ. "ಇದನ್ನ ಬಿಸಾಕೋದ್ ಬೇಡ ಚಿಕ್ಕಪ್ಪ" ಅಂದ, ತಾನಾಗಿಯೇ.

ಕೆಲಸ ಮುಗಿಯಲು ಮರುದಿನ ಮಧ್ಯಾಹ್ನ ಆಗುತ್ತದೆ ಅಂದರು. ಜಾಲಿಯನ್ನು ಕಾಸ್ಟಿಕ್ ಸೋಡಾ ನೀರಲ್ಲಿ ರಾತ್ರಿಯಿಡೀ ನೆನೆಹಾಕಬೇಕು, ಮಸಿ ಬಿಡಲು. (ಮನೆಯಲ್ಲಿ ಮಾಡಲು ಹೋಗಬೇಡಿ, ಕೈ ಚರ್ಮ ಸುಲಿದು ಬರುತ್ತದೆ.) ನಾವು ಊರು ಸುತ್ತಲು ಹೊರಟೆವು.

ಯಾದವಗಿರಿಗೆ ಆಟೋ ಹತ್ತಿದೆವು. 1960ರಲ್ಲಿ ಶುರುವಾದ ಐಡಿಯಲ್ ಜಾವಾ ಕಂಪನಿ ಅಲ್ಲಿತ್ತು. ಜೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು ಲೈಸೆನ್ಸ್ ತೆಗೆದುಕೊಂಡು ಮೈಸೂರಿನಲ್ಲಿ ಮಾಡಿದರು, ಜಯಚಾಮರಾಜ ಒಡೆಯರ ಬೆಂಬಲದಿಂದ. ಅವರ ಹೆಸರಿನ ಜೆ.ಸಿ. ರಸ್ತೆಯಲ್ಲೇ ನನ್ನ ಗಾಡಿಗೆ ಅವಮಾನ ಆದದ್ದು ನೋಡಿ! ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ನಿಂತೇಹೋಯಿತು. ಆ ಎರಡು ಹೆಸರಲ್ಲೂ ಈಗ ಹೊಸ ಕಂಪನಿಯ ಹೊಸ ಗಾಡಿಗಳಿವೆ, ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮರಳಿ ಬಂದವು. ಅವು ಫೋರ್ ಸ್ಟ್ರೋಕ್. ಚೆನ್ನಾಗಿವೆ. ಆದರೆ ಆಯಿಲ್ ಸುಟ್ಟ ಆ ವಾಸನೆ ಎಲ್ಲಿ?

ಅಲ್ಲೇ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣರ ಮನೆ ಇದೆ, 2016ರಿಂದ ಮ್ಯೂಸಿಯಂ. ಹುಡುಗನಿಗೆ ನಾರಾಯಣ್ ಗೊತ್ತಿರಲಿಲ್ಲ. 'ಮಾಲ್ಗುಡಿ ಡೇಸ್' ಅಂದೆ, ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದದ್ದು ಅಂದೆ. ಆಗ ಚಪ್ಪಲಿ ಬಿಟ್ಟು ಒಳಗೆ ಬಂದ! ನಮ್ಮಣ್ಣನ ಟ್ಯಾಂಕಿನ ಮೇಲೆ ಶಂಕರಣ್ಣನ ಸ್ಟಿಕ್ಕರ್ ಇತ್ತು. 1990ರ ಸೆಪ್ಟೆಂಬರ್ 30ರ ಸುದ್ದಿ ಬಂದ ಮೇಲೆ ಅಣ್ಣ ಅದರ ಸುತ್ತ ಪೊಟ್ಟು ಕರಿ ಪೇಂಟ್ ಬಳಿದ. ಈಗಲೂ ಆ ಕರಿ ಚೌಕದ ಗುರುತಿದೆ, ಸ್ಟಿಕ್ಕರ್ ಹೋಗಿದೆ.

ಸಂಜೆ ಸಿನಿಮಾ ನೋಡೋಣ ಅಂದರೆ, ಶಾಂತಲಾ ಟಾಕೀಸು 2020ರ ಲಾಕ್‌ಡೌನ್ ನಂತರ ಬಾಗಿಲು ತೆರೆಯಲಿಲ್ಲವಂತೆ. ಪ್ರೀಮಿಯರ್ ಸ್ಟುಡಿಯೋದ ಕಥೆ ನಿಮಗೇ ಗೊತ್ತು, 1989ರಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು ಅರವತ್ತೆರಡು ಜನ ಹೋದರು. ಆ ಮಾತು ಎತ್ತಬಾರದಿತ್ತು, ಎತ್ತಿಬಿಟ್ಟೆ. ಹುಡುಗ ತುಂಬಾ ಹೊತ್ತು ಸುಮ್ಮನಿದ್ದ. ಲಾಡ್ಜಿನಲ್ಲಿ ಮೊಬೈಲಿನ ಮೇಲೆ 'ಅನುರಾಗ ಅರಳಿತು' ಹಾಕಿಕೊಂಡೆವು. 1986ರ ಚಿತ್ರ, ಅಣ್ಣಾವ್ರು ಮೆಕ್ಯಾನಿಕ್. ನಮ್ಮಣ್ಣ ಇದನ್ನು ಇದೇ ಮೈಸೂರಿಗೆ ಇದೇ ಗಾಡಿಯಲ್ಲಿ ಬಂದು ಸೆಕೆಂಡ್ ಶೋ ನೋಡಿದವನು. ಮರುದಿನದಿಂದ ಒಂದು ತಿಂಗಳು ಪಂಕ್ಚರನ್ನೂ ತಾನೇ ಹಾಕಿಕೊಂಡ!

ಭಾನುವಾರ ಮಧ್ಯಾಹ್ನ ಗಾಡಿ ಸಿದ್ಧ. ಹಿಂದಿನಿಂದ ನೋಡಿದರೆ ಅದೇ ಬೂಟು, ಅದೇ ಹವಾಯಿ ಚಪ್ಪಲಿ. ಯಜಮಾನರು ಮತ್ತೆ ಎರಡು ಅಂಗೈ ಹಿಡಿದರು. ಈ ಸಲ ನನ್ನ ಕೈಯನ್ನೂ ಎಳೆದು ಹಿಡಿಸಿದರು. ಎಡಕ್ಕೂ ಬಲಕ್ಕೂ ಒಂದೇ ತೂಕದ ಬಿಸಿ ಉಸಿರು. ಮಜೂರಿ ಎರಡೂವರೆ ಸಾವಿರ. ಪ್ಲೇಟಿಂಗ್ ಮಾಡಿ ಎರಡನ್ನೂ ಹೊಳೆಸಿಕೊಡ್ತೀರಾ ಅಂದದ್ದಕ್ಕೆ, "ಬಲಗಡೆದಕ್ಕೆ ಒಂದ್ಸಲ ಮಾಡಾಗಿದೆ ಸಾರ್, ನಮ್ಮ ಫ್ಯಾಕ್ಟ್ರೀಲಿ" ಅಂದು ಒಳಗೆ ಹೋದರು.

ಶ್ರೀರಂಗಪಟ್ಟಣ ದಾಟುವಾಗ ಹುಡುಗನಿಗೆ ಓಡಿಸಲು ಕೊಟ್ಟೆ. ಬಾಬುರಾಯನಕೊಪ್ಪಲಿನ ಹತ್ತಿರ ನಾನು ಹಿಂದೆ ಕೂತು ಬಲಗಾಲು ಬಿಗಿಹಿಡಿದಿದ್ದು ಅವನಿಗೆ ತಿಳಿಯಲಿಲ್ಲ. ಮೂರನೇ ಗೇರಿನಲ್ಲಿ ಗಾಡಿ ಮುಗ್ಗರಿಸಲಿಲ್ಲ. "ಸೌಂಡ್ ಕಮ್ಮಿ ಆಯ್ತು ಚಿಕ್ಕಪ್ಪ" ಅಂತ ಗೊಣಗಿದ. ಸ್ವಲ್ಪ ದೂರ ಹೋಗಿ, "ಆದ್ರೆ ಎಳೀತದೆ!" ಅಂತ ಕೂಗಿದ.

ಮಂಡ್ಯದಲ್ಲಿ ಅಣ್ಣ ಜಗಲಿಯಲ್ಲಿದ್ದ. ಗಾಡಿ ಮನೆ ಮುಂದೆ ನಿಂತ ಮೇಲೂ ಕೈಯೆತ್ತಿ, ಆಫ್ ಮಾಡಬೇಡ ಅಂತ ಸನ್ನೆ ಮಾಡಿದ. ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿದ. ಆಮೇಲೆ ಅತ್ತಿಗೆಗೆ, "ಬೀರೂಲಿ ಆರ್.ಸಿ. ಬುಕ್ ಅದೆ, ತಕಬಾ" ಅಂದ. ಹುಡುಗ ಅಪ್ಪನ ಕಾಲ ಹತ್ತಿರ ಕೂತ. ನಾನು ವಡೆ ಪೊಟ್ಟಣ ಬಿಚ್ಚುತ್ತಿದ್ದೆ. ಅಣ್ಣ ನನ್ನ ಕಡೆ ತಿರುಗಿ, ನಿನ್ನೆ ಮೊನ್ನೆ ನಡೆದದ್ದನ್ನು ಕೇಳುವವನಂತೆ ಕೇಳಿದ:

"ಅವತ್ತು ಯಾವ್ ಪಿಚ್ಚರ್‌ಗ್ ಹೋಗಿದ್ಲಾ?"

"'ರಾಮಾಚಾರಿ'" ಅಂದೆ.

"ಟಿಕೆಟ್ ಸಿಕ್ತಾ?"

"ಎಲ್ಲಣ್ಣ, ಬಾಬುರಾಯನಕೊಪ್ಪಲಲ್ಲೇ ಇಂಟರ್ವಲ್ ಆಯ್ತಲ್ಲ!"

ಲಕ್ವ ಹೊಡೆದ ಮೇಲೆ ಅವನು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ.